ತುದಿ ಕಳೆದ ಸರಾಸರಿ

ನಮ್ಮಕ್ಕನನ್ನು ಬ್ರೆಡ್ ಕಾರ್ಖಾನೆಯಲ್ಲಿ ಎಲ್ಲರೂ ಕರೆಯುವುದು ತಕ್ಕಡಿ ಎಂದು. ಹಾಜರಿ ಪುಸ್ತಕದಲ್ಲಿರುವ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ. ಒಂದು ಬ್ರೆಡ್ಡನ್ನು ಅಂಗೈ ಮೇಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸಿ "ಮುನ್ನೂರ ತೊಂಬತ್ತಾರು" ಅಂದಳೆಂದರೆ ತೂಕದ ಯಂತ್ರವೂ ಮುನ್ನೂರ ತೊಂಬತ್ತಾರೇ ತೋರಿಸಬೇಕು. ತೋರಿಸದಿದ್ದರೆ ಯಂತ್ರವನ್ನು ಒರೆಸಿ ಇನ್ನೊಂದು ಸಲ ಇಡುತ್ತಿದ್ದರಂತೆ. ಬೀದಿಯಲ್ಲೂ ಅದೇ ಕಥೆ. ತರಕಾರಿಯವನು ಚೀಲ ಕೈಗೆ ಕೊಟ್ಟ ತಕ್ಷಣ, "ಇನ್ನೆರಡು ಈರುಳ್ಳಿ ಹಾಕಪ್ಪಾ, ನಿನ್ನ ಹೆಬ್ಬೆರಳನ್ನೂ ಸೇರಿಸಿ ತೂಗಿದೀಯ, ಅದನ್ನ ಮನೆಗೆ ತಗೊಂಡು ಹೋಗಿ ಏನು ಮಾಡ್ಲಿ?" ಎನ್ನುವಳು. ಅವನು ನಗುತ್ತಾ ಹಾಕುವನು. ಅವಳ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ.

ಕಾರ್ಖಾನೆ ಸೇರಿದ ಮೊದಲ ಮೂರು ವರ್ಷ ಅವಳಿಗೆ ತೊಳೆಯುವ ಕೆಲಸ. ಬ್ರೆಡ್ ಬೇಯಿಸುವ ತಗಡಿನ ಅಚ್ಚುಗಳನ್ನು ಸೋಡಾ ಹಾಕಿದ ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಉಜ್ಜಿ, ತೆಗೆದು ಜೋಡಿಸಬೇಕು. ದಿನಕ್ಕೆ ಎಂಟು ಗಂಟೆ. ಕೆಲವರ ಚರ್ಮ ಅದಕ್ಕೆ ಒಗ್ಗುತ್ತದೆ, ಅಕ್ಕನದು ಒಗ್ಗಲಿಲ್ಲ. ಬೆರಳ ಸಂದುಗಳು ಬಿರಿದು ರಕ್ತ ಬರುತ್ತಿತ್ತು. ಊಟಕ್ಕೆ ಕುಳಿತರೆ ಉಪ್ಪು ತಾಗಿ ಕಣ್ಣಲ್ಲಿ ನೀರು. ಒಂದು ದಿನ ಉಗುರೇ ಕಳಚಿ ಬಂತು. ಡಾಕ್ಟರು ನೋಡಿ, ಈ ಕೈ ಮತ್ತೆ ಆ ನೀರಿಗೆ ಇಳಿದರೆ ವಾಸಿಯಾಗುವುದಿಲ್ಲ ಎಂದು ಚೀಟಿ ಬರೆದುಕೊಟ್ಟರು. ಆಗ ಒಲೆಯ ಉಸ್ತುವಾರಿ ನೋಡುತ್ತಿದ್ದವನನ್ನು ಎಲ್ಲರೂ ಒಲೆಯ ಹಿರಿಯ ಎನ್ನುತ್ತಿದ್ದರು, ಒಳ್ಳೆಯ ಮನುಷ್ಯ. ಅವಳನ್ನು ತೂಕದ ಮೇಜಿಗೆ ಕರೆದುಕೊಂಡ. ಅಲ್ಲಿ ಹತ್ತೊಂಬತ್ತು ವರ್ಷ ಕಳೆದಳು. ಕೈ ವಾಸಿಯಾಯಿತು.

ಮೇಜಿನ ಕೆಲಸ ಇಷ್ಟು. ಗಂಟೆಗೊಮ್ಮೆ ಒಲೆಯಿಂದ ಬಂದ ಗಾಡಿಯಿಂದ ಐದು ಬ್ರೆಡ್ ತೆಗೆಯಬೇಕು, ತೂಗಬೇಕು, ಐದೂ ತೂಕ ರಿಜಿಸ್ಟರಿನಲ್ಲಿ ಬರೆಯಬೇಕು, ಕೊನೆಯ ಮನೆಯಲ್ಲಿ ಸರಾಸರಿ. ಸರಾಸರಿ ನಾನೂರು ಗ್ರಾಂ ಇರಬೇಕು. ಆದರೆ ಆ ಮೇಜಿಗೆ ಒಂದು ಪದ್ಧತಿಯಿತ್ತು. ಒಲೆಯ ಬಾಗಿಲ ಬಳಿ ಬೆಂದದ್ದು ಒಣಗಿ ಹಗುರ, ಹಿಂದಿನ ಮೂಲೆಯದು ಹಸಿ ಉಳಿದು ಭಾರ. ಅವೆರಡನ್ನು ನಂಬಿ ಇಡೀ ಗಾಡಿಯ ಗುಣ ಹೇಳಬಾರದು ಎಂದು ಒಲೆಯ ಹಿರಿಯ ಕಲಿಸಿದ್ದ. ಆದ್ದರಿಂದ ಐದರಲ್ಲಿ ಎಲ್ಲಕ್ಕಿಂತ ಹಗುರವಾದದ್ದನ್ನೂ ಎಲ್ಲಕ್ಕಿಂತ ಭಾರವಾದದ್ದನ್ನೂ ಬಿಟ್ಟು, ಉಳಿದ ಮೂರನ್ನು ಕೂಡಿಸಿ ಮೂರರಿಂದ ಭಾಗಿಸುತ್ತಿದ್ದರು. ತುದಿ ಕಳೆಯೋದು ಎಂದು ಅದಕ್ಕೆ ಹೆಸರು. ಯಾವ ಗೋಡೆಯ ಮೇಲೂ ಅದನ್ನು ಬರೆದಿರಲಿಲ್ಲ. ಹಿರಿಯ ಅಕ್ಕನಿಗೆ ಕಲಿಸಿದ, ಆಮೇಲೆ ಬಂದವರಿಗೆಲ್ಲ ಅಕ್ಕ ಕಲಿಸಿದಳು.

ಎರಡು ವರ್ಷದ ಹಿಂದೆ ನೋಟಿಸು ಹಚ್ಚಿದರು. ತೂಕದ ಮೇಜಿನಲ್ಲಿ ಇನ್ನು ಮುಂದೆ ಹತ್ತನೇ ತರಗತಿ ಪಾಸಾದವರೇ ಇರಬೇಕು. ಈಗಿರುವವರಿಗೆ ಪರೀಕ್ಷೆ ಕಟ್ಟಲು ಮೂರು ಅವಕಾಶ. ಆಗದಿದ್ದರೆ ತೊಳೆಯುವ ವಿಭಾಗ.

ಅಕ್ಕ ಓದಿದ್ದು ಏಳನೆಯವರೆಗೆ. ಅಮ್ಮ ಹಾಸಿಗೆ ಹಿಡಿದಾಗ ಇಬ್ಬರಲ್ಲಿ ಒಬ್ಬರು ಮನೆಯಲ್ಲಿರಬೇಕಾಯಿತು, ಅವಳು ಇದ್ದಳು, ನಾನು ಶಾಲೆಗೆ ಹೋದೆ. ಹೋಗಿ ಏನು ಕಡಿದೆ? ಐದನೆಯಲ್ಲಿ ಮೇಷ್ಟರ ಮೇಲೆ ಸಿಟ್ಟು ಬಂದು ಪುಸ್ತಕದ ಚೀಲವನ್ನು ಬಾವಿಗೆ ಎಸೆದು ಬಂದವನು ಮತ್ತೆ ಹೋಗಲಿಲ್ಲ. ಇವತ್ತಿಗೂ ಗೇಟು, ಕಿಟಕಿ ಸರಳು ಬೆಸೆದು ಬದುಕುತ್ತಿದ್ದೇನೆ. ಅವಳು ಆ ವಿಷಯ ಎತ್ತಿ ಒಂದು ದಿನವೂ ಆಡಿಕೊಂಡಿಲ್ಲ. ಭಾವ ತೀರಿಕೊಂಡ ಮೇಲೆ ನಮ್ಮ ಎರಡು ಕೋಣೆಯ ಮನೆಯಲ್ಲೇ ಇದ್ದಾಳೆ.

ನಲವತ್ತೇಳನೇ ವಯಸ್ಸಿನಲ್ಲಿ ಪುಸ್ತಕ ಹಿಡಿದಳು. ಮೊದಲ ಸಲ ಕಟ್ಟಿದಾಗ ಭಾಷೆ, ಸಮಾಜ, ವಿಜ್ಞಾನ ಹೇಗೋ ದಾಟಿದವು. ಗಣಿತದಲ್ಲಿ ಹತ್ತೊಂಬತ್ತು ಅಂಕ. ಎರಡನೇ ಸಲ ಇಪ್ಪತ್ತೇಳು. ಪಾಸಾಗಲು ಮೂವತ್ತೈದು ಬೇಕು. ಉಳಿದದ್ದು ಒಂದೇ ಅವಕಾಶ. ಆಗ ನಮ್ಮ ಮನೆಯ ಮೇಲಿನ ಮಹಡಿಯಲ್ಲಿರುವ ನಿವೃತ್ತ ಮೇಷ್ಟರ ಹತ್ತಿರ ಹೋದೆವು. ಅವರಿಗೆ ಕಿವಿ ಮಂದ, ಆದರೆ ಲೆಕ್ಕ ಚುರುಕು.

"ಎಲ್ಲಾ ಕಲಿಯೋಕೆ ಹೋಗ್ಬೇಡಮ್ಮಾ," ಎಂದರು ಮೇಷ್ಟ್ರು ಮೊದಲ ಸಂಜೆಯೇ. "ಸಂಖ್ಯಾಶಾಸ್ತ್ರ ಹಿಡಿ. ಸರಾಸರಿ, ಮಧ್ಯಾಂಕ. ಅದರಲ್ಲಿ ಒಂದು ಬೆಲೆ ಕೊಟ್ಟಿರೋಲ್ಲ, ಎಕ್ಸ್ ಅಂತ ಹಾಕಿರ್ತಾರೆ. ಕಂಡುಹಿಡೀಬೇಕು. ಪ್ರತಿ ವರ್ಷ ಬರುತ್ತೆ."

"ಯಾಕೆ ಕೊಟ್ಟಿರೋಲ್ಲ?"

"ಆಂ?"

"ಯಾಕೆ ಕೊಟ್ಟಿರೋಲ್ಲ ಅಂದೆ!" ಅಕ್ಕ ಕೂಗಿದಳು. "ಅದೊಂದನ್ನ ತೂಗೋಕೆ ಇವರಿಗೇನು ರೋಗ?"

ಮೇಷ್ಟ್ರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ತೂಗೋ ಹಾಗಿದ್ದಿದ್ರೆ ನಂಗೆ ಇಷ್ಟು ವರ್ಷ ಸಂಬಳ ಯಾರು ಕೊಡ್ತಿದ್ರು?"

ಚೆನ್ನಾಗಿ ಹೇಳಿಕೊಟ್ಟರು. ಸರಾಸರಿ ಗೊತ್ತಿದ್ದರೆ ಅದನ್ನು ಎಷ್ಟು ಸಂಖ್ಯೆಗಳಿವೆಯೋ ಅಷ್ಟರಿಂದ ಗುಣಿಸು, ಒಟ್ಟು ಮೊತ್ತ ಸಿಗುತ್ತದೆ. ಅದರಲ್ಲಿ ಗೊತ್ತಿರುವವನ್ನೆಲ್ಲ ಕಳೆ, ಉಳಿದದ್ದೇ ಎಕ್ಸ್. ನಾನು ಬಾಗಿಲ ಬಳಿ ಕುಳಿತು ಕೇಳುತ್ತಿದ್ದವನು, ನನ್ನ ತಲೆಗೂ ಹೋಯಿತು. ಮಳೆಯ ಸರಾಸರಿ, ಮಕ್ಕಳ ಎತ್ತರದ ಸರಾಸರಿ, ಆಟಗಾರನ ರನ್ನುಗಳ ಸರಾಸರಿ, ಎಲ್ಲವನ್ನೂ ಅಕ್ಕ ತಪ್ಪಿಲ್ಲದೆ ಮಾಡಿದಳು. ಮಧ್ಯಾಂಕವಂತೂ ಅವಳಿಗೆ ಆಟದಂತಾಯಿತು. ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದರೆ ನಡುವೆ ಬರುವುದೇ ಮಧ್ಯಾಂಕ. ನಡುವೆ ಇಬ್ಬರು ನಿಂತರೆ ಅವರಿಬ್ಬರ ಸರಾಸರಿ. ಹನ್ನೊಂದು, ಹದಿನಾಲ್ಕು, ಎಕ್ಸ್, ಎಕ್ಸ್‌ಗೆ ಎರಡು ಕೂಡಿಸಿದ್ದು, ಇಪ್ಪತ್ತೈದು, ಮೂವತ್ತೊಂದು. ಮಧ್ಯಾಂಕ ಇಪ್ಪತ್ತಾದರೆ ಎಕ್ಸ್ ಎಷ್ಟು ಎಂದು ಕೇಳಿದರೆ ಪೆನ್ಸಿಲ್ ಮುಟ್ಟದೆ ಹತ್ತೊಂಬತ್ತು ಎಂದಳು.

"ಇದು ನ್ಯಾಯವಾದ ಲೆಕ್ಕ ಮೇಷ್ಟ್ರೇ. ತುದೀಲಿರೋರು ಎಷ್ಟು ಕುಣಿದ್ರೂ ನಡುವಿನವನು ಅಲ್ಲಾಡೋಲ್ಲ."

"ಸರಿಯಾಗಿ ಹೇಳ್ದೆ!" ಎಂದು ಮೇಷ್ಟ್ರು ಮೇಜು ಗುದ್ದಿದರು. ಮೇಷ್ಟ್ರು, ನಾನು, ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಆ ಮಾತು ಕೇಳಿದಾಗಲೇ ಎದೆ ಧಸಕ್ಕೆನ್ನಬೇಕಿತ್ತು. ಇಬ್ಬರೂ ಹಿಗ್ಗಿದೆವು.

ಪರೀಕ್ಷೆಯ ದಿನ ಅವಳನ್ನು ನಾನೇ ಬಿಟ್ಟು ಬಂದೆ. ಮಧ್ಯಾಹ್ನ ನನ್ನ ವೆಲ್ಡಿಂಗ್ ಅಂಗಡಿಯ ಮುಂದೆ ಬಂದು ನಿಂತಳು. ಮುಖ ಅರಳಿತ್ತು. ನಾನು ಬೆಸೆಯುವ ಕನ್ನಡಕ ತೆಗೆಯುವಷ್ಟರಲ್ಲಿ ಶುರು ಮಾಡಿದಳು.

"ಲೋ, ಏನು ಬಂದಿತ್ತು ಗೊತ್ತಾ? ಬ್ರೆಡ್ಡು! ನನ್ನ ಬ್ರೆಡ್ಡು ಕಣೋ! ಒಂದು ಬೇಕರಿಯ ಐದು ಬ್ರೆಡ್ಡುಗಳ ತೂಕ ಅಂತ ಕೊಟ್ಟವ್ರೆ, ನಾಲ್ಕು ಅಂಕಕ್ಕೆ. ನಂಗೆ ನಗು ತಡೆಯೋಕೆ ಆಗ್ಲಿಲ್ಲ, ಕಾವಲಿದ್ದ ಮೇಡಂ ಬಂದು ಏನಮ್ಮ ಮೈಯಲ್ಲಿ ಹುಷಾರಿಲ್ವಾ ಅಂದ್ರು."

"ಎಷ್ಟು ಬಂತು ಉತ್ತರ?"

"ಮುನ್ನೂರ ತೊಂಬತ್ತೇಳು. ತಾಳೆ ನೋಡ್ದೆ, ಸರಿಯಾಗಿ ನಾನೂರಕ್ಕೆ ಬಂದು ಕೂತ್ಕೊಂತು. ಗೆದ್ದೆ ಅಂತ ಇಟ್ಕೋ."

ಪ್ರಶ್ನೆಪತ್ರಿಕೆಯನ್ನು ನನ್ನ ಕೈಗೆ ಕೊಟ್ಟು ಮನೆಗೆ ಹೋದಳು. ನನ್ನ ಹೆಂಡತಿಗೆ ಹೇಳಬೇಕಲ್ಲ, ಆ ಅವಸರ. ನಾನು ಸುಮ್ಮನೆ ಖುಷಿಗೆ ಒಂದು ಸೀಮೆಸುಣ್ಣ ತೆಗೆದುಕೊಂಡು ಕೆಳಗೆ ಹಾಸಿದ್ದ ಕಬ್ಬಿಣದ ಹಾಳೆಯ ಮೇಲೆ ಮಾಡತೊಡಗಿದೆ. 392, 398, ಎಕ್ಸ್, 405, 410. ಸರಾಸರಿ 400. ಐದು ನಾನೂರು ಎರಡು ಸಾವಿರ. ಗೊತ್ತಿರುವ ನಾಲ್ಕನ್ನು ಕೂಡಿಸಿದರೆ ಸಾವಿರದ ಆರುನೂರ ಐದು. ಕಳೆದರೆ ಮುನ್ನೂರ ತೊಂಬತ್ತೈದು.

ಅಳಿಸಿ ಮತ್ತೆ ಮಾಡಿದೆ. ತೊಂಬತ್ತೈದೇ. ಐದನೇ ಕ್ಲಾಸಿಗೆ ಚೀಲ ಎಸೆದವನ ಲೆಕ್ಕ ಎಂದು ನನ್ನನ್ನೇ ಬೈದುಕೊಂಡು ಮೂರನೇ ಸಲ ಮಾಡಿದೆ. ಆಮೇಲೆ ಅಂಗಡಿಯ ಬಾಗಿಲು ಅರ್ಧ ಎಳೆದು ಮಹಡಿ ಹತ್ತಿದೆ.

ಮೇಷ್ಟ್ರು ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. "ತೊಂಬತ್ತೈದು. ಸರಿಯಾಗಿದೆ ನಿಂದು."

"ಅವಳು ತೊಂಬತ್ತೇಳು ಬರ್ದಿದ್ದಾಳೆ ಮೇಷ್ಟ್ರೇ. ತಾಳೆನೂ ನೋಡಿದ್ದಾಳಂತೆ."

"ತಾಳೆ ಹೇಗೆ ಬರುತ್ತೆ? ಬರೋಕೆ ಸಾಧ್ಯವೇ ಇಲ್ಲ." ಅವರು ಕಾಗದದ ಮೇಲೆ ಐದು ತೂಕ ಬರೆದು ನೋಡುತ್ತಾ ಕುಳಿತರು. ನಾನೂ ಅದನ್ನೇ ನೋಡುತ್ತಿದ್ದೆ. ಒಮ್ಮೆಲೇ ನನಗೆ ಹೊಳೆಯಿತು. ಪೆನ್ಸಿಲ್ ಕಿತ್ತುಕೊಂಡು 392ನ್ನೂ 410ನ್ನೂ ಹೊಡೆದು ಹಾಕಿದೆ. ಉಳಿದದ್ದು ಮೂರು. ಮೂರು ನಾನೂರು ಸಾವಿರದ ಇನ್ನೂರು. ಅದರಲ್ಲಿ 398, 405 ಕಳೆದರೆ 397. ತಾಳೆ ನೋಡಿದರೂ ಅಷ್ಟೇ, ಮೇಜಿನ ಪದ್ಧತಿಯಲ್ಲಿ ನಾನೂರಕ್ಕೆ ಸರಿಯಾಗಿ ಬರುತ್ತದೆ.

ತುದಿ ಕಳೆಯುವುದು ಏನೆಂದು ಕಿವಿಯ ಹತ್ತಿರ ಕೂಗಿ ವಿವರಿಸಿದೆ. ನಾನು ಹೊಡೆದು ಹಾಕಿದ ಎರಡು ತೂಕಗಳ ಮೇಲೆ ಮೇಷ್ಟ್ರು ಬೆರಳಾಡಿಸಿದರು.

"ಮಳೆ ಕೊಟ್ಟೆ, ರನ್ನು ಕೊಟ್ಟೆ," ಎಂದರು ಕೊನೆಗೆ. "ಬ್ರೆಡ್ಡು ಮಾತ್ರ ಕೊಡ್ಲಿಲ್ಲ. ಅದು ಅವಳಿಗೆ ಗೊತ್ತಿರೋದೇ ಅಲ್ವಾ ಅಂದ್ಕೊಂಡೆ."

ಅದು ನಿಜ. ಮಳೆಯನ್ನೋ ರನ್ನನ್ನೋ ಕೊಟ್ಟಿದ್ದರೆ ಅವಳು ಮೇಷ್ಟ್ರು ಹೇಳಿದ ಹಾಗೆ ಮಾಡುತ್ತಿದ್ದಳು. ಬ್ರೆಡ್ಡು ಕಂಡೊಡನೆ ಕೈ ತನ್ನ ಪಾಡಿಗೆ ತಾನು ಹೋಯಿತು. ದಿನಕ್ಕೆ ಎಂಟು ಸಲ ಮಾಡಿದ್ದನ್ನು ಒಂಬತ್ತನೇ ಸಲವೂ ಮಾಡಿತು.

ಫಲಿತಾಂಶಕ್ಕೆ ಆರು ವಾರ. ಆ ಆರು ವಾರ ನಾನು ಬಾಯಿ ಬಿಡಲಿಲ್ಲ. ಬೇರೆ ಪ್ರಶ್ನೆಗಳಲ್ಲಿ ಸಾಕಷ್ಟು ಬಂದಿರಬಹುದು ಎಂದು ಒಂದು ಆಸೆ. ಅಕ್ಕ ಹಾಡು ಗುನುಗುತ್ತಾ ಕೆಲಸಕ್ಕೆ ಹೋಗುವಳು. ನಾನು ಮನೆಯಲ್ಲಿ ಕಾರಣವಿಲ್ಲದೆ ಹೆಂಡತಿಯ ಮೇಲೆ ಹರಿಹಾಯುವೆ. "ಅತ್ತಿಗೆ, ನಿಮ್ಮ ತಮ್ಮನಿಗೆ ಏನಾಗಿದೆ ನೋಡಿ, ಪರೀಕ್ಷೆ ಬರ್ದಿದ್ದು ನೀವೋ ಇವರೋ?" ಎಂದು ಅವಳು ಅಕ್ಕನಿಗೆ ದೂರು ಹೇಳಿದರೆ, "ಇವನಿಗೆ ಪಾಸಾಗೋರನ್ನ ಕಂಡ್ರೆ ಹೊಟ್ಟೆಯುರಿ," ಎಂದು ಅಕ್ಕ ನಗುವಳು.

ಮೂವತ್ತೆರಡು ಬಂತು.

ಅಕ್ಕ ಅಂಕಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಹಿಂದೆ ತಿರುಗಿಸಿ ನೋಡಿದಳು. "ಮೂರು ಎಲ್ಲಿ ಹೋಯ್ತೋ?" ಎಂದಳು. ನಾನು ಪ್ರಶ್ನೆಪತ್ರಿಕೆ ತಂದು ಬ್ರೆಡ್ಡಿನ ಲೆಕ್ಕದ ಮೇಲೆ ಬೆರಳಿಟ್ಟೆ. ಏನೂ ಹೇಳಬೇಕಾಗಲಿಲ್ಲ. ಸ್ವಲ್ಪ ಹೊತ್ತು ತುಟಿ ಆಡಿಸುತ್ತಾ ನಿಂತಿದ್ದವಳು ಕುರ್ಚಿಯ ಮೇಲೆ ಕುಳಿತಳು.

"ಐದೂ ಕೂಡಿಸ್ಬೇಕಿತ್ತು."

"ಹೂಂ."

"ಐದು ಅಂತಾನೇ ಬರ್ದವ್ರೆ. ಬಿಡು ಅಂತ ಎಲ್ಲೂ ಹೇಳಿಲ್ಲ." ಆಮೇಲೆ ನನ್ನನ್ನು ನೋಡಿದಳು. "ನಿಂಗೆ ಯಾವಾಗಿಂದ ಗೊತ್ತು?"

"ಅವತ್ತಿಂದ."

"ಆರು ವಾರ ಬಾಯಿ ಮುಚ್ಕೊಂಡಿದ್ಯಾ? ನೀನು?" ನಗಲು ನೋಡಿದಳು, ಆಗಲಿಲ್ಲ. ನನ್ನ ಹೆಂಡತಿ ನೀರು ತಂದುಕೊಟ್ಟಳು, ಅಕ್ಕ ಅದನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದಳು: "ನೋಡು, ನಮ್ಮ ಸೂಪರ್‌ವೈಸರ್ ಮೇಡಂ ಒಂದು ಮಾತು ಹೇಳವ್ರೆ. ಮೂರು ಸಲಾನೂ ಆಗ್ದಿದ್ರೆ ಇನ್ನೊಂದು ಅವಕಾಶ ಕೊಡಿ ಅಂತ ಆಫೀಸಿಗೆ ಬರೀತೀನಿ, ಡಾಕ್ಟರ್ ಚೀಟಿನೂ ಇಡ್ತೀನಿ ಅಂತ. ನಾಳೆ ಕೇಳ್ತೀನಿ. ನೀನು ಮಾತ್ರ ಫ್ಯಾಕ್ಟರಿ ಕಡೆ ತಲೆ ಹಾಕ್ಬೇಡ. ಕೈ ಮುಗೀತೀನಿ."

ಹೂಂ ಎಂದೆ. ಮೂರು ದಿನ ತಡೆದುಕೊಂಡೆ. ನಾಲ್ಕನೇ ದಿನ ಕಾರ್ಖಾನೆಯ ಹತ್ತಿರದ ಒಂದು ಮನೆಗೆ ಗೇಟು ಕೂರಿಸಲು ಹೋಗಿದ್ದೆ. ಕೆಲಸ ಮುಗಿಯಿತು. ಪ್ರಶ್ನೆಪತ್ರಿಕೆ ಜೇಬಿನಲ್ಲೇ ಇತ್ತು. ಕಾಲು ತಾನಾಗಿ ಆ ಕಡೆ ನಡೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾನೇ ಹೋದೆ.

ಸಿಬ್ಬಂದಿ ಅಧಿಕಾರಿಯ ಕೋಣೆ ಚಿಕ್ಕದು. ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ರಜೆಗಳ ಪಟ್ಟಿ. ಅವನು ನನಗಿಂತ ಚಿಕ್ಕವನು, ಕುಳಿತುಕೊಳ್ಳಿ ಎಂದು ಮರ್ಯಾದೆಯಿಂದಲೇ ಹೇಳಿದ. ನಾನು ಕುಳಿತುಕೊಳ್ಳಲಿಲ್ಲ.

"ನಮ್ಮಕ್ಕ ದಡ್ಡಿ ಅಲ್ಲ ಸ್ವಾಮಿ. ನಿಮ್ಮ ಮೇಜೇ ಅವಳನ್ನ ಫೇಲ್ ಮಾಡಿಸಿದ್ದು!" ಎಂದು ಪತ್ರಿಕೆಯನ್ನು ಗಾಜಿನ ಮೇಲೆ ಬಡಿದೆ. "ಹತ್ತೊಂಬತ್ತು ವರ್ಷ ಐದರಲ್ಲಿ ಎರಡು ಬಿಟ್ಟು ಸರಾಸರಿ ಬರೆಸ್ಕೊಂಡ್ರಿ. ಪರೀಕ್ಷೇಲೂ ಹಾಗೇ ಬರೆದ್ಳು. ಇದು ಯಾರ ತಪ್ಪು? ಹೇಳಿ, ಯಾರ ತಪ್ಪು?"

ಅವನು ನನ್ನ ಕೂಗಿಗೆ ಕೂಗಲಿಲ್ಲ. ಪತ್ರಿಕೆಯನ್ನು ಓದಿದ. "ಏನಂದ್ರಿ? ಎರಡು ಬಿಟ್ಟು?"

"ಹಗುರದ್ದೊಂದು, ಭಾರದ್ದೊಂದು."

"ಯಾವಾಗ್ಲೂ ಹಾಗೇನಾ?"

"ಯಾವಾಗ್ಲೂ!" ಎಂದೆ, ಗೆದ್ದವನ ಹಾಗೆ.

ಅವನು ಗಂಟೆ ಒತ್ತಿ ತೂಕದ ರಿಜಿಸ್ಟರು ತರಿಸಿದ. ತಂದವರು ಸೂಪರ್‌ವೈಸರ್ ಮೇಡಮ್ಮೇ. ನನ್ನನ್ನು ಕಂಡು ಬಾಗಿಲಲ್ಲೇ ನಿಂತರು. ಅಧಿಕಾರಿ ಯಾವುದೋ ಒಂದು ಪುಟ ತೆರೆದು ಕ್ಯಾಲ್ಕುಲೇಟರ್ ಒತ್ತಿದ. 388, 399, 400, 401, 404. ಕೊನೆಯ ಮನೆಯಲ್ಲಿ ಅಕ್ಕನ ಗುಂಡನೆಯ ಅಕ್ಷರದಲ್ಲಿ 400.

"ಐದರ ಸರಾಸರಿ ಮುನ್ನೂರ ತೊಂಬತ್ತೆಂಟು ಪಾಯಿಂಟ್ ನಾಲ್ಕು," ಎಂದ ಅವನು. "ನಾನೂರಕ್ಕೆ ಕಡಿಮೆ. ಇಲ್ಲಿ ನಾನೂರು ಅಂತ ಬರ್ದಿದೆ. ಇದಕ್ಕೆ ಏನಂತಾರೆ ಗೊತ್ತೇನ್ರೀ?"

"ಸರ್, ಅದು ಹಳೇ ಪದ್ಧತಿ, ಒಲೆಯವರು..." ಎಂದರು ಮೇಡಂ.

"ಎಲ್ಲಿ ಬರ್ದಿದೆ ಆ ಪದ್ಧತಿ? ಮೇಜಿನ ಬೇರೆ ಹೆಂಗಸರಿಗೆ ಹೇಳ್ಕೊಟ್ಟೋರು ಯಾರು?"

ಒಲೆಯ ಹಿರಿಯ ಸತ್ತು ಎಂಟು ವರ್ಷ. ಹೇಳಲು ಉಳಿದಿದ್ದ ಹೆಸರು ಒಂದೇ, ಅದನ್ನು ಆ ಕೋಣೆಗೆ ಹೊತ್ತು ತಂದವನು ನಾನು. ನಾನು ಇನ್ನೂ ಏನೇನೋ ಕೂಗಿದೆ. ಕೂಗಿದಷ್ಟೂ ಅವನು ಪುಟ ತಿರುವಿದ. ಕೊನೆಗೆ ಕಾವಲಿನವರು ನನ್ನ ತೋಳು ಹಿಡಿದು ಹೊರಗೆ ಬಿಟ್ಟರು.

ಮೇಡಂ ಬರೆದಿದ್ದ ಅರ್ಜಿ ಅವತ್ತು ಸಂಜೆಯೇ ವಾಪಸ್ಸು ಬಂತು. ಇನ್ನೊಂದು ಅವಕಾಶದ ಮಾತು ಮುಗಿಯಿತು. ಡಾಕ್ಟರ ಚೀಟಿಯನ್ನು ಬಿಡಿಸಿ ಕೂಡ ನೋಡಲಿಲ್ಲವಂತೆ. ಮರುದಿನದಿಂದ ಮೇಜಿನಲ್ಲಿ ಐದನ್ನೂ ಕೂಡಿಸಬೇಕು ಎಂದು ದೊಡ್ಡಕ್ಷರದ ಹಲಗೆ ಹಾಕಿದರು. ಒಲೆಯವರಿಗೆ ಬೈಗುಳ, ಮೇಜಿನ ಹೆಂಗಸರಿಗೆ ಎಚ್ಚರಿಕೆಯ ಕಾಗದ. ಅವರಲ್ಲಿ ಇಬ್ಬರು ಅಕ್ಕನ ಜೊತೆ ಮಾತು ಬಿಟ್ಟರು. ಅಕ್ಕನಿಗೆ ಬೇರೆಯೇ ಒಂದು ತಪ್ಪೊಪ್ಪಿಗೆಯ ಕಾಗದ ಸಿದ್ಧವಾಯಿತು. ಸಹಿ ಹಾಕಿದರೆ ತೊಳೆಯುವ ವಿಭಾಗ, ಹಾಕದಿದ್ದರೆ ಮನೆ.

ಸಹಿಯ ದಿನ ಮನೆಯವರೊಬ್ಬರು ಸಾಕ್ಷಿಗೆ ಬರಬೇಕೆಂದರು. ನನ್ನ ಹೆಂಡತಿ ಹೋಗುತ್ತೇನೆಂದಳು, ಅಕ್ಕ ಬೇಡವೆಂದಳು. "ಅವನೇ ಬರ್ಲಿ. ನೋಡ್ಲಿ." ನಾನು ಕೂಗಾಡಿ ಬಂದ ಮೇಲಿನ ನಾಲ್ಕು ದಿನ ಅವಳು ನನಗೆ ಒಂದು ಬೈಗುಳವನ್ನೂ ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಬೈದು ಹಗುರಾಗುತ್ತಿದ್ದೆ.

ಅದೇ ಕೋಣೆ, ಅದೇ ಗಾಜು. ಅಧಿಕಾರಿ ಕಾಗದ ಮುಂದಿಟ್ಟ. ಅಕ್ಕ ಕನ್ನಡಕ ಹಾಕಿಕೊಂಡು ಸಾಲಿನ ಕೆಳಗೆ ಬೆರಳಾಡಿಸುತ್ತಾ ಓದಿದಳು. ಕಳೆದ ಹದಿನೆಂಟು ವರ್ಷಗಳಿಂದ ನಾನು ತೂಕದ ಸರಾಸರಿಯನ್ನು ತಪ್ಪಾಗಿ ದಾಖಲಿಸಿರುತ್ತೇನೆ ಎಂದಿತ್ತು. ಎರಡು ಸಲ ಓದಿದಳು.

"ಇದು ಸರಿಯಿಲ್ಲ ಸರ್," ಎಂದಳು.

ಬಿಡು, ಸಹಿ ಹಾಕಬೇಡ, ಎದ್ದು ಬಾ, ನಾನಿದ್ದೇನೆ ಎಂದು ನನ್ನ ಬಾಯಿಗೆ ಬಂತು.

"ಯಾವುದು ಸರಿಯಿಲ್ಲ?" ಎಂದ ಅಧಿಕಾರಿ.

"ಹದಿನೆಂಟಲ್ಲ. ಹತ್ತೊಂಬತ್ತು."

ಅವನು ಕಡತ ತೆರೆದು ದಿನಾಂಕ ನೋಡಿ ತಲೆಯಾಡಿಸಿದ. ಅಕ್ಕ ಪೆನ್ನು ತೆಗೆದುಕೊಂಡು ಹದಿನೆಂಟನ್ನು ಒಂದೇ ಗೆರೆಯಲ್ಲಿ ಹೊಡೆದು, ಮೇಲೆ ಹತ್ತೊಂಬತ್ತು ಎಂದು ಬರೆದು, ತಿದ್ದಿದ ಜಾಗಕ್ಕೊಂದು ಸಹಿ, ಕೆಳಗೊಂದು ಸಹಿ ಹಾಕಿದಳು. ಸಾಕ್ಷಿಯ ಜಾಗದಲ್ಲಿ ನಾನು ಹಾಕಿದೆ.

ಸೋಮವಾರದಿಂದ ತೊಟ್ಟಿಗೆ ಇಳಿದಳು. ರಬ್ಬರ್ ಕೈಗವಸು ಕೊಟ್ಟಿದ್ದಾರೆ, ಅದು ಮೊಣಕೈವರೆಗೂ ಬರುವುದಿಲ್ಲ, ಬಿಸಿನೀರು ಒಳಗೆ ತುಂಬಿ ಅಲ್ಲೇ ನಿಲ್ಲುತ್ತದೆ. ಮೂರನೇ ವಾರಕ್ಕೆ ಬೆರಳ ಸಂದುಗಳು ಬಿರಿದವು. ಮೇಷ್ಟ್ರು ಇನ್ನೊಂದು ಸಲ ಪರೀಕ್ಷೆ ಕಟ್ಟು, ಹಟಕ್ಕಾದರೂ ಕಟ್ಟು ಎಂದು ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಹೇಳುತ್ತಾರೆ. ಅವಳು ಹೂಂ ಎನ್ನುತ್ತಾಳೆ, ಅವರಿಗೆ ಅದು ಕೇಳಿಸುವುದಿಲ್ಲ. ಈಗ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅವಳ ತಲೆಯನ್ನು ನನ್ನ ಹೆಂಡತಿ ಬಾಚುತ್ತಾಳೆ. ಬಾಚಣಿಗೆ ಹಿಡಿಯಲು ಅಕ್ಕನಿಗೆ ಬೆರಳು ಮಡಚುವುದಿಲ್ಲ.